ಕೊಟ್ಟಿಗೆಯ 12 ವೋಲ್ಟ್ ಎಲ್‌ಇಡಿ ದೀಪ ಮಂಕಾಗುವುದೇಕೆ?

ಬೆಳಗಿನ ಜಾವ ಹಾಲು ಕರೆಯುವಾಗ, ರಾತ್ರಿ ಹಸು ಕರು ಹಾಕುವಾಗ, ಕೆಚ್ಚಲು ಬಾತಿದೆಯೇ, ಮೊದಲ ಹಾಲು ಒಡೆದಂತೆ ಬರುತ್ತಿದೆಯೇ ಎಂದು ನೋಡುವಾಗ ಕೊಟ್ಟಿಗೆಯಲ್ಲಿ ಕಣ್ಣಿಗೆ ಕಾಣುವಷ್ಟು ಬೆಳಕು ಇರಲೇಬೇಕು. ತೋಟದ ಮನೆಗಳಲ್ಲಿ ಪಂಪ್‌ಸೆಟ್ ಲೈನಿನ ಕರೆಂಟನ್ನು ನಂಬಿಕೊಂಡು ಈ ಕೆಲಸ ಆಗುವುದಿಲ್ಲ. ಹಾಗಾಗಿ ಮನೆಯ ಮೇಲೊಂದು ಸೋಲಾರ್ ಪ್ಯಾನೆಲ್, ಜಗಲಿಯಲ್ಲೊಂದು ಬ್ಯಾಟರಿ, ಅಲ್ಲಿಂದ ಕೊಟ್ಟಿಗೆಗೆ, ಪಂಪ್‌ಹೌಸಿಗೆ ವೈರು ಎಳೆದು 12 ವೋಲ್ಟಿನ ಡಿಸಿ ಎಲ್‌ಇಡಿ ಬಲ್ಬು ಹಾಕಿಕೊಳ್ಳುವ ರೈತರು ಬಹಳ ಮಂದಿ. ಅವರಲ್ಲಿ ಹೆಚ್ಚಿನವರ ದೂರು ಒಂದೇ: ಡಬ್ಬದ ಮೇಲೆ 12 ವ್ಯಾಟ್ ಅಂತ ಇದೆ, ಬೆಳಕು ನೋಡಿದರೆ ಮಿಣಮಿಣ.

ದೂರು ಸರಿಯೇ. ಆದರೆ ಅದಕ್ಕೆ ಮಾಡುವ ಪರಿಹಾರ ಬಹುಪಾಲು ತಪ್ಪು. 12 ವ್ಯಾಟ್ ಸಾಲದು ಎಂದು 18 ವ್ಯಾಟಿನ ಬಲ್ಬು ತಂದು ಹಾಕುತ್ತಾರೆ. ಅದೂ ಮಂಕಾಗಿಯೇ ಉರಿಯುತ್ತದೆ. ಜೊತೆಗೆ ಅದೇ ವೈರಿನಲ್ಲಿರುವ ಪಕ್ಕದ ಬಲ್ಬು ಇನ್ನಷ್ಟು ಮಂಕಾಗುತ್ತದೆ. ಏಕೆಂದರೆ ತೊಂದರೆ ಎಷ್ಟೋ ಸಲ ಬಲ್ಬಿನಲ್ಲಿ ಇರುವುದೇ ಇಲ್ಲ, ವೈರಿನಲ್ಲಿ ಇರುತ್ತದೆ. ಬಲ್ಬಿಗೆ ಇನ್ನೊಂದು ರೂಪಾಯಿ ಹಾಕುವ ಮೊದಲು ದೋಷ ಎಲ್ಲಿದೆ ಎಂದು ಗೊತ್ತುಮಾಡಿಕೊಳ್ಳಬೇಕು.

ಮೀಟರು ಇಲ್ಲದೆಯೇ ಮಾಡಬಹುದಾದ ಪರೀಕ್ಷೆ ಒಂದಿದೆ. ಸಂಜೆ ಕತ್ತಲಾದ ಮೇಲೆ ಕೊಟ್ಟಿಗೆಯ ಬಲ್ಬನ್ನು ಬಿಚ್ಚಿ ತಂದು, ಬ್ಯಾಟರಿಯ ಪಕ್ಕದಲ್ಲೇ, ಪ್ಯಾನೆಲಿಗೂ ಬ್ಯಾಟರಿಗೂ ನಡುವೆ ಇರುವ ಚಾರ್ಜ್ ಕಂಟ್ರೋಲರಿನ ಲೋಡ್ ಕನೆಕ್ಷನ್ನಿಗೆ ಒಂದೆರಡು ಅಡಿ ವೈರಿನಲ್ಲಿ ಹಾಕಿ ಉರಿಸಿ. ಅಲ್ಲಿ ಜಗ್ಗನೆ ಬೆಳಗಿದರೆ ಬಲ್ಬು ಚೆನ್ನಾಗಿದೆ, ವೈರು ಅಥವಾ ಜಾಯಿಂಟು ಕೆಟ್ಟಿದೆ. ಅಲ್ಲಿಯೂ ಮಂಕಾಗಿದ್ದರೆ ದೋಷ ಬಲ್ಬಿನದು ಇಲ್ಲವೇ ಬ್ಯಾಟರಿಯದು. ಇದನ್ನು ಹಗಲು ಮಾಡಬೇಡಿ. ಪ್ಯಾನೆಲಿನಿಂದ ಚಾರ್ಜ್ ಆಗುತ್ತಿರುವಾಗ ಲೆಡ್ ಆಸಿಡ್ ಬ್ಯಾಟರಿಯ ವೋಲ್ಟೇಜ್ 14ರ ಮೇಲೂ ಹೋಗುತ್ತದೆ, ಎಂಥ ಬಲ್ಬೂ ಆಗ ಚೆನ್ನಾಗಿಯೇ ಉರಿಯುತ್ತದೆ.

ವೈರು ಹೇಗೆ ಬೆಳಕನ್ನು ತಿನ್ನುತ್ತದೆ ಎಂಬುದು ಡ್ರಿಪ್ ಹಾಕಿದ ರೈತರಿಗೆ ಬೇಗ ಅರ್ಥವಾಗುತ್ತದೆ. ಸಣ್ಣ ಲ್ಯಾಟರಲ್ ಪೈಪನ್ನು ಉದ್ದಕ್ಕೆ ಎಳೆದರೆ ಕೊನೆಯ ಗಿಡಕ್ಕೆ ಪ್ರೆಶರ್ ಇರುವುದಿಲ್ಲವಲ್ಲ, ಇಲ್ಲಿಯೂ ಹಾಗೆಯೇ. ಮನೆಯ 230 ವೋಲ್ಟಿನ ಲೈನಿನಲ್ಲಿ ದಾರಿಯಲ್ಲಿ ಎರಡು ವೋಲ್ಟ್ ಕಳೆದುಹೋದರೆ ಯಾರಿಗೂ ತಿಳಿಯುವುದಿಲ್ಲ. 12 ವೋಲ್ಟಿನಲ್ಲಿ ಎರಡು ವೋಲ್ಟ್ ಹೋದರೆ ಆರನೇ ಒಂದು ಭಾಗವೇ ಹೋದಂತೆ. ಬೆಳಕು ಅದಕ್ಕಿಂತಲೂ ಹೆಚ್ಚು ಕುಸಿಯುತ್ತದೆ, ಅದಕ್ಕೆ ಕಾರಣ ಎಲ್‌ಇಡಿಯ ಗುಣ.

ಅಗ್ಗದ 12 ವೋಲ್ಟ್ ಬಲ್ಬನ್ನು ಬಿಚ್ಚಿ ನೋಡಿದರೆ ಒಳಗೆ ಅಲ್ಯೂಮಿನಿಯಂ ಬಿಲ್ಲೆಯ ಮೇಲೆ ಹಳದಿ ಚುಕ್ಕಿಗಳಂಥ ಎಲ್‌ಇಡಿಗಳು ಕಾಣುತ್ತವೆ. ಮೂರು ಮೂರು ಎಲ್‌ಇಡಿಗಳನ್ನು ಒಂದರ ಹಿಂದೊಂದು ಜೋಡಿಸಿ, ಪಕ್ಕದಲ್ಲಿ ಒಂದು ಪುಟ್ಟ ರೆಸಿಸ್ಟರ್ ಕೂರಿಸಿರುತ್ತಾರೆ. ಒಂದು ಬಿಳಿ ಎಲ್‌ಇಡಿಗೆ ಸುಮಾರು 3 ವೋಲ್ಟ್ ಬೇಕು, ಮೂರಕ್ಕೆ 9. ಉಳಿದ 3 ವೋಲ್ಟ್ ರೆಸಿಸ್ಟರಿನ ಮೇಲೆ ಬಿದ್ದು, ಎಷ್ಟು ಕರೆಂಟು ಹರಿಯಬೇಕು ಎಂಬುದನ್ನು ನಿರ್ಧರಿಸುತ್ತದೆ. ಈಗ ಬಲ್ಬಿಗೆ 12ರ ಬದಲು 10.5 ವೋಲ್ಟ್ ಬಂತು ಎನ್ನಿ. ಎಲ್‌ಇಡಿಗಳು ತಮ್ಮ 9 ವೋಲ್ಟನ್ನು ಬಿಟ್ಟುಕೊಡುವುದಿಲ್ಲ. ರೆಸಿಸ್ಟರಿಗೆ ಉಳಿಯುವುದು ಒಂದೂವರೆ ವೋಲ್ಟ್, ಅಂದರೆ ಅರ್ಧ. ಕರೆಂಟೂ ಅರ್ಧಕ್ಕೆ ಇಳಿಯುತ್ತದೆ, ಬೆಳಕೂ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ವೋಲ್ಟೇಜ್ ಎಂಟನೇ ಒಂದು ಭಾಗ ಕಡಿಮೆಯಾದದ್ದಕ್ಕೆ ಅರ್ಧ ಬೆಳಕು ನಷ್ಟ.

ಇದನ್ನು ಒಂದು ಕೊಟ್ಟಿಗೆಯ ಲೆಕ್ಕದಲ್ಲಿ ನೋಡೋಣ. ಮನೆಯಿಂದ ಕೊಟ್ಟಿಗೆಗೆ 30 ಮೀಟರ್ ದೂರ. ಹಾಕಿರುವುದು ಅಂಗಡಿಯಲ್ಲಿ ‘ಒಂದು ಎಂಎಂ’ ಎಂದು ಕೊಡುವ 1 ಚದರ ಮಿಲಿಮೀಟರಿನ ತಾಮ್ರದ ವೈರು. ಹೋಗುವ ದಾರಿ 30, ಬರುವ ದಾರಿ 30, ಒಟ್ಟು 60 ಮೀಟರ್. ಈ ವೈರಿನ ಪ್ರತಿರೋಧ ಕಿಲೋಮೀಟರಿಗೆ ಸುಮಾರು 20 ಓಮ್. 60 ಮೀಟರಿಗೆ 1.2 ಓಮ್ ಆಯಿತು. ಕೊಟ್ಟಿಗೆಯಲ್ಲಿ ಮೇಲೆ ಹೇಳಿದ ಮಾದರಿಯ 12 ವ್ಯಾಟಿನ ಎರಡು ಬಲ್ಬು, ಬ್ಯಾಟರಿಯಲ್ಲಿ 12.2 ವೋಲ್ಟ್ ಇದೆ ಎಂದುಕೊಂಡರೆ, ಬಲ್ಬಿನ ಬಾಯಿಯಲ್ಲಿ ಸಿಗುವುದು 10.8 ವೋಲ್ಟ್ ಮಾತ್ರ. ಒಂದೊಂದು ಬಲ್ಬೂ ಎಳೆಯುವುದು 0.6 ಆಂಪಿಯರ್. ಗುಣಿಸಿದರೆ ಆರೂವರೆ ವ್ಯಾಟ್. ಬಲ್ಬು ಮಾಡಿದವನು ಸುಳ್ಳು ಹೇಳದಿದ್ದರೂ ನಿಮ್ಮ ಕೊಟ್ಟಿಗೆಯಲ್ಲಿ ಅದು ಆರೂವರೆ ವ್ಯಾಟಿನ ಬಲ್ಬೇ. ಅದೇ ಜಾಗಕ್ಕೆ 4 ಚದರ ಮಿಲಿಮೀಟರಿನ ವೈರು ಎಳೆದರೆ 11.7 ವೋಲ್ಟ್ ತಲುಪುತ್ತದೆ, ಪ್ರತಿ ಬಲ್ಬು ಹತ್ತೂವರೆ ವ್ಯಾಟಿನ ಹತ್ತಿರ ಉರಿಯುತ್ತದೆ. ಎರಡೂವರೆ ಎಂಎಂ ವೈರಿಗೆ ಒಂಬತ್ತು ವ್ಯಾಟಿನಷ್ಟು ಸಿಗುತ್ತದೆ.

ಸ್ವಲ್ಪ ದುಬಾರಿ ಬಲ್ಬುಗಳಲ್ಲಿ ರೆಸಿಸ್ಟರಿನ ಬದಲು ಡ್ರೈವರ್ ಎಂಬ ಪುಟ್ಟ ಸರ್ಕ್ಯೂಟ್ ಇರುತ್ತದೆ. ಇವು ಬೇರೆ ರೀತಿ ನಡೆದುಕೊಳ್ಳುತ್ತವೆ. ವೋಲ್ಟೇಜ್ ಇಳಿದಷ್ಟೂ ಹೆಚ್ಚು ಕರೆಂಟು ಎಳೆದು ಬೆಳಕನ್ನು ಒಂದೇ ಸಮ ಇಡುತ್ತವೆ. ತೀರಾ ಇಳಿದಾಗ ಕಣ್ಣು ಮಿಟುಕಿಸಿದಂತೆ ಆರಿ ಹತ್ತಿ ಆರಿ ಹತ್ತಿ ಮಾಡುತ್ತವೆ. ದೂರದ ಬಲ್ಬು ಮಿಟುಕುತ್ತಿದ್ದು, ಬ್ಯಾಟರಿ ಹತ್ತಿರ ತಂದಾಗ ಸರಿಯಾದರೆ ಕಾರಣ ಇದೇ.

ಒಂದು ಡಿಜಿಟಲ್ ಮಲ್ಟಿಮೀಟರ್ ಪ್ರತಿ ತೋಟದ ಮನೆಯಲ್ಲೂ ಇರಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಡಿಸಿ ವೋಲ್ಟೇಜಿನ 20ರ ಗುರುತಿಗೆ ತಿರುಗಿಸಿ, ಬಲ್ಬುಗಳೆಲ್ಲ ಉರಿಯುತ್ತಿರುವಾಗಲೇ ಮೊದಲು ಬ್ಯಾಟರಿಯ ಎರಡು ತುದಿಗೆ, ಆಮೇಲೆ ಕಂಟ್ರೋಲರಿನ ಲೋಡ್ ತುದಿಗೆ, ಕೊನೆಗೆ ಬಲ್ಬಿನ ಹೋಲ್ಡರಿಗೆ ಹಿಡಿದು ಮೂರನ್ನೂ ಬರೆದುಕೊಳ್ಳಿ. ಬಲ್ಬು ಆರಿಸಿ ಅಳೆದರೆ ಪ್ರಯೋಜನವಿಲ್ಲ, ಕರೆಂಟು ಹರಿಯದಿದ್ದಾಗ ವೈರಿನಲ್ಲಿ ಏನೂ ನಷ್ಟವಾಗುವುದಿಲ್ಲ, ಎಲ್ಲ ಕಡೆಯೂ ಒಂದೇ ಅಂಕಿ ತೋರಿಸುತ್ತದೆ. ಬ್ಯಾಟರಿಗೂ ಹೋಲ್ಡರಿಗೂ ಅರ್ಧ ವೋಲ್ಟಿನ ಒಳಗೆ ವ್ಯತ್ಯಾಸವಿದ್ದರೆ ಚಿಂತೆಯಿಲ್ಲ. ಒಂದು ವೋಲ್ಟ್ ದಾಟಿದರೆ ಜಾಯಿಂಟು ಸರಿಪಡಿಸಬೇಕು, ಇಲ್ಲವೇ ವೈರು ಬದಲಿಸಲೇಬೇಕು. ಬ್ಯಾಟರಿಯ ಬಾಯಲ್ಲೇ ಸುಮ್ಮನಿದ್ದಾಗ 12.5 ಇದ್ದದ್ದು ಬಲ್ಬು ಹಾಕಿದೊಡನೆ 11ಕ್ಕೆ ಜಾರಿದರೆ ಬ್ಯಾಟರಿಯ ಆಯುಸ್ಸು ಮುಗಿಯುತ್ತ ಬಂದಿದೆ, ಇಲ್ಲವೇ ಟರ್ಮಿನಲ್ ಮೇಲೆ ಬಿಳಿ ಪುಡಿ ಕಟ್ಟಿದೆ. ಪುಡಿಯನ್ನು ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಒರೆಸಿ, ಗಟ್ಟಿಯಾಗಿ ಬಿಗಿದು ಮತ್ತೊಮ್ಮೆ ನೋಡಿ. ತೊಳೆದ ನೀರು ಬ್ಯಾಟರಿಯ ಒಳಗೆ ಇಳಿಯಬಾರದು.

ಕರೆಂಟು ಅಳೆಯುವಾಗ ಎಚ್ಚರ ಬೇಕು. ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ಎಂದು ಬರೆದಿರುವ ತೂತಿಗೆ ಹಾಕಿ, ಬಲ್ಬಿಗೆ ಹೋಗುವ ಒಂದು ವೈರನ್ನು ಬಿಚ್ಚಿ, ಆ ನಡುವೆ ಮೀಟರನ್ನು ಸೇರಿಸಬೇಕು. ಅಳೆದು ಮುಗಿದ ಕೂಡಲೇ ಕೆಂಪು ವೈರನ್ನು ಮೊದಲಿನ ತೂತಿಗೆ ಹಾಕಿಬಿಡಿ. ಮರೆತು ಹಾಗೆಯೇ ಬ್ಯಾಟರಿಗೆ ಹಿಡಿದರೆ ನೇರ ಶಾರ್ಟ್ ಸರ್ಕ್ಯೂಟ್ ಆಗಿ ಕಿಡಿ ಹಾರುತ್ತದೆ, ಮೀಟರೂ ಸುಡುತ್ತದೆ, ಕೈಯೂ ಸುಡುತ್ತದೆ. ಎಲೆಕ್ಟ್ರಿಷಿಯನ್ ಬಳಿ ಇರುವ ಕ್ಲಾಂಪ್ ಮೀಟರ್ ಕೇಳಿ ತರುವುದಾದರೆ ಅದು ಡಿಸಿ ಕರೆಂಟು ಅಳೆಯುತ್ತದೆಯೇ ಎಂದು ಕೇಳಿ. ಕಡಿಮೆ ಬೆಲೆಯ ಹೆಚ್ಚಿನ ಕ್ಲಾಂಪ್ ಮೀಟರುಗಳು ಎಸಿ ಮಾತ್ರ ಅಳೆಯುತ್ತವೆ, ಡಿಸಿಗೆ ಸೊನ್ನೆ ತೋರಿಸುತ್ತವೆ. ಬಲ್ಬಿನ ಬಾಯಲ್ಲಿ ಸಿಕ್ಕ ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಬರುವುದೇ ನಿಜವಾದ ವ್ಯಾಟ್.

ಬ್ಯಾಟರಿಯ ಪಕ್ಕದಲ್ಲೇ 12 ವೋಲ್ಟ್ ಕೊಟ್ಟು ಅಳೆದಾಗ 12 ವ್ಯಾಟಿನ ಬಲ್ಬು 11 ವ್ಯಾಟ್ ಎಳೆದರೆ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಐದೋ ಆರೋ ಎಳೆದರೆ ಡಬ್ಬದ ಮೇಲಿನ ಅಂಕಿ ಸುಳ್ಳು. ಈ ಸುಳ್ಳು ಹೇಗೆ ಹುಟ್ಟುತ್ತದೆ ಎಂದರೆ, ಒಂದೊಂದು ಎಲ್‌ಇಡಿ ಗರಿಷ್ಠ ಅರ್ಧ ವ್ಯಾಟ್ ತಾಳುತ್ತದೆ, 24 ಕೂರಿಸಿದ್ದೇವೆ, ಗುಣಿಸಿದರೆ 12 ಎಂದು ಡಬ್ಬದ ಮೇಲೆ ಮುದ್ರಿಸುತ್ತಾರೆ. ಒಳಗೆ ಮಾತ್ರ ಒಂದೊಂದನ್ನೂ 0.2 ವ್ಯಾಟಿನಲ್ಲಿ ಉರಿಸುತ್ತಾರೆ. ಹಾಗೆ ಮಂದವಾಗಿ ಉರಿಸಿದ ಎಲ್‌ಇಡಿ ಬಿಸಿಯಾಗದೆ ಬಹುಕಾಲ ಬಾಳುತ್ತದೆ ಎಂಬುದು ನಿಜ. ಆದರೆ 12 ವ್ಯಾಟಿನ ದುಡ್ಡು ಕೊಟ್ಟವರಿಗೆ 5 ವ್ಯಾಟ್ ಕೊಡುವುದು ಮೋಸವೇ.

ಪ್ಯಾನೆಲ್, ಬ್ಯಾಟರಿ, ದೀಪ ಎಲ್ಲ ಒಂದರಲ್ಲೇ ಇರುವ ಸೋಲಾರ್ ದೀಪಗಳಲ್ಲಿ ಈ ಮೋಸ ಮಿತಿ ಮೀರಿದೆ. ಅಂಗಳಕ್ಕೆ, ಕಣಕ್ಕೆ, ತೋಟದ ಗೇಟಿಗೆ ಎಂದು ತರುವ ಈ ದೀಪಗಳ ಮೇಲೆ 100 ವ್ಯಾಟ್, 200 ವ್ಯಾಟ್ ಎಂದು ದೊಡ್ಡದಾಗಿ ಬರೆದಿರುತ್ತದೆ. ಕೊಳ್ಳುವ ಮೊದಲು ಸಣ್ಣಕ್ಷರದಲ್ಲಿ ಬ್ಯಾಟರಿಯ ವಿವರ ಓದಿ. 3.2 ವೋಲ್ಟ್, 6 ಆಂಪಿಯರ್ ಅವರ್ ಎಂದಿದ್ದರೆ ಎರಡನ್ನೂ ಗುಣಿಸಿ. ಸುಮಾರು 19 ವ್ಯಾಟ್ ಅವರ್. ನಿಜಕ್ಕೂ 100 ವ್ಯಾಟ್ ಉರಿಸಿದರೆ ಆ ಬ್ಯಾಟರಿ ಹನ್ನೆರಡು ನಿಮಿಷವೂ ಬಾಳುವುದಿಲ್ಲ. ರಾತ್ರಿ ಹತ್ತು ತಾಸು ಉರಿಯುತ್ತದೆ ಎಂದಾದರೆ ಅದು ಸರಾಸರಿ ಎರಡು ವ್ಯಾಟಿನ ಒಳಗಿನ ದೀಪ. ಈ ಒಂದು ಗುಣಾಕಾರ, ಒಂದು ಭಾಗಾಕಾರವನ್ನು ಅಂಗಡಿಯಲ್ಲೇ ನಿಂತು ಮೊಬೈಲಿನಲ್ಲಿ ಮಾಡಬಹುದು. ಬ್ಯಾಟರಿಯ ಅಂಕಿಯನ್ನೇ ಮುದ್ರಿಸದ ದೀಪವನ್ನು ಕೊಳ್ಳಬೇಡಿ.

ಬಲ್ಬಿನ ಡಬ್ಬದ ಮೇಲೆ ವ್ಯಾಟಿಗಿಂತ ಮುಖ್ಯವಾಗಿ ನೋಡಬೇಕಾದದ್ದು ಲ್ಯೂಮೆನ್. ವ್ಯಾಟ್ ಹೇಳುವುದು ಬಲ್ಬು ಎಷ್ಟು ಉಣ್ಣುತ್ತದೆ ಎಂಬುದನ್ನು, ಲ್ಯೂಮೆನ್ ಹೇಳುವುದು ಎಷ್ಟು ಬೆಳಕು ಕೊಡುತ್ತದೆ ಎಂಬುದನ್ನು. ಒಳ್ಳೆಯ ಎಲ್‌ಇಡಿ ಬಲ್ಬು ಒಂದು ವ್ಯಾಟಿಗೆ ನೂರರ ಆಸುಪಾಸು ಲ್ಯೂಮೆನ್ ಕೊಡುತ್ತದೆ. ಹಳೆಯ 60 ವ್ಯಾಟಿನ ಬುರುಡೆ ಬಲ್ಬು ಕೊಡುತ್ತಿದ್ದದ್ದು ಏಳೆಂಟು ನೂರು ಲ್ಯೂಮೆನ್.

ಹೊಸದರಲ್ಲಿ ಚೆನ್ನಾಗಿದ್ದು ವರ್ಷದೊಳಗೆ ಮಂಕಾದ ಬಲ್ಬಿನ ಕಥೆ ಬೇರೆ. ಮೊದಲ ಶತ್ರು ಶಾಖ. ಬೇಸಿಗೆಯಲ್ಲಿ ತಗಡಿನ ಸೂರಿಗೆ ಅಂಟಿಸಿದಂತೆ ಕಟ್ಟಿದ ಬಲ್ಬಿನ ಬಿಸಿ ಹೊರಹೋಗಲು ದಾರಿ ಇರುವುದಿಲ್ಲ. ಸೂರಿನಿಂದ ಒಂದಡಿ ಕೆಳಗೆ ಇಳಿಬಿಡಿ. ಎರಡನೆಯದು, ರೆಸಿಸ್ಟರ್ ಮಾದರಿಯ ಬಲ್ಬನ್ನು ಹಗಲು ಚಾರ್ಜ್ ಆಗುವಾಗಲೂ ಉರಿಸುವುದು. ಮೇಲಿನ ಲೆಕ್ಕವನ್ನೇ ತಿರುಗಿಸಿ ನೋಡಿ: 14.4 ವೋಲ್ಟ್ ಬಂದಾಗ ರೆಸಿಸ್ಟರಿನ ಮೇಲೆ 3ರ ಬದಲು 5.4 ವೋಲ್ಟ್ ಬೀಳುತ್ತದೆ, ಕರೆಂಟು ಸುಮಾರು ಎರಡು ಪಟ್ಟಿನ ಹತ್ತಿರ ಹೋಗುತ್ತದೆ. ಎಲ್‌ಇಡಿ ಸುಟ್ಟುಹೋಗದಿದ್ದರೂ ಬೇಗ ಮುದಿಯಾಗುತ್ತದೆ. ಹಗಲು ಬೆಳಕು ಬೇಕಾದ ಕೋಳಿ ಮನೆ, ಹುಳು ಸಾಕುವ ಮನೆಗಳಿಗೆ 9ರಿಂದ 30 ವೋಲ್ಟ್ ತಾಳುತ್ತದೆ ಎಂದು ಬರೆದಿರುವ ಡ್ರೈವರ್ ಇರುವ ಬಲ್ಬುಗಳನ್ನೇ ಹಾಕಬೇಕು.

ಕೊಟ್ಟಿಗೆಯ ಗಾಳಿಯೂ ಬಲ್ಬನ್ನು ಕೆಡಿಸುತ್ತದೆ. ಗಂಜಲದಿಂದ ಏಳುವ ಅಮೋನಿಯಾ, ತೇವ ಸೇರಿ ತಾಮ್ರದ ಜಾಯಿಂಟನ್ನು ಹಸಿರುಗಟ್ಟಿಸುತ್ತವೆ. ವೈರಿನ ತುದಿ ತಿರುಚಿ ಟೇಪು ಸುತ್ತಿದ ಜಾಯಿಂಟನ್ನು ಒಂದು ಮಳೆಗಾಲ ಕಳೆದ ಮೇಲೆ ಬಿಚ್ಚಿ ನೋಡಿದರೆ ಎಳೆಗಳು ಕಪ್ಪಾಗಿ, ಮುಟ್ಟಿದರೆ ಉದುರುವಂತಿರುತ್ತವೆ. ವೋಲ್ಟೇಜ್ ಅಲ್ಲಿಯೇ ಸೋರುತ್ತಿರುತ್ತದೆ. ಗೋಬರ್ ಗ್ಯಾಸ್ ಗುಂಡಿ ಪಕ್ಕದಲ್ಲಿದ್ದರೆ ಅದರ ಹೈಡ್ರೋಜನ್ ಸಲ್ಫೈಡ್ ಎಲ್‌ಇಡಿಯ ಒಳಗಿನ ಬೆಳ್ಳಿ ಲೇಪವನ್ನೇ ಕಪ್ಪಾಗಿಸುತ್ತದೆ. ಅಂಥ ಕಡೆ ನೀರು, ಧೂಳು ನುಗ್ಗದ ಐಪಿ 65 ಗುರುತಿನ ಮುಚ್ಚಿದ ದೀಪ ಹಾಕಿ. ಜಾಯಿಂಟನ್ನು ಬೆಸುಗೆ ಹಾಕಿಸಿ ಹೀಟ್ ಶ್ರಿಂಕ್ ಕೊಳವೆ ಹೊದಿಸಿ, ಇಲ್ಲವೇ ಮುಚ್ಚಳವಿರುವ ಜಂಕ್ಷನ್ ಬಾಕ್ಸಿನೊಳಗೆ ಸ್ಕ್ರೂ ಕನೆಕ್ಟರಿನಿಂದ ಬಿಗಿಯಿರಿ. ದೀಪದ ಗಾಜಿನ ಮೇಲಿನ ಧೂಳು, ನೊಣದ ಕೊಳೆ ಒರೆಸಿದರೇ ಕಾಣುವಷ್ಟು ಬೆಳಕು ಮರಳುವುದೂ ಉಂಟು.

ಹೊಸ ವೈರು ಕೊಳ್ಳುವಾಗ ತುದಿಯ ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಕೆಂಪು ಬಣ್ಣದ ಅಡಿಯಲ್ಲಿ ಬಿಳಿ ಹೊಳೆದರೆ ಅದು ತಾಮ್ರದ ನೀರು ಕುಡಿಸಿದ ಅಲ್ಯೂಮಿನಿಯಂ. ಅದರಲ್ಲಿ ನಷ್ಟ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು. ಕೊಟ್ಟಿಗೆ 50 ಮೀಟರಿಗಿಂತ ದೂರವಿದ್ದರೆ ದಪ್ಪ ವೈರಿಗೆ ದುಡ್ಡು ಸುರಿಯುವುದಕ್ಕಿಂತ ಅಲ್ಲಿಯೇ ಸಣ್ಣ ಪ್ಯಾನೆಲ್, ಸಣ್ಣ ಬ್ಯಾಟರಿ ಬೇರೆಯಾಗಿ ಇಡುವುದು ಲೇಸು. ದೊಡ್ಡ ಕೋಳಿ ಮನೆಯವರು 24 ವೋಲ್ಟಿಗೆ ಹೋಗಬಹುದು. ಅಷ್ಟೇ ವ್ಯಾಟಿಗೆ ಕರೆಂಟು ಅರ್ಧವಾಗುತ್ತದೆ, ಅದೇ ವೈರಿನಲ್ಲಿ ನಷ್ಟವಾಗುವ ವ್ಯಾಟ್ ಕಾಲು ಭಾಗಕ್ಕೆ ಇಳಿಯುತ್ತದೆ. ಆದರೆ ಬಲ್ಬು, ಕಂಟ್ರೋಲರ್ ಎರಡೂ 24 ವೋಲ್ಟಿಗೆ ಒಪ್ಪುವಂಥವೇ ಆಗಿರಬೇಕು. ಐದು ಮೀಟರಿನ ಎಲ್‌ಇಡಿ ಸ್ಟ್ರಿಪ್ ಹಾಕಿದವರು ಎರಡು ತುದಿಯಿಂದಲೂ ಕರೆಂಟು ಕೊಡಲಿ, ಬಾಲದ ಕಡೆಯ ಮಂಕು ಹೋಗುತ್ತದೆ.

ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ ಕಡೆ ಸೇವಂತಿಗೆ ಹೂ ತಡವಾಗಿ ಬರಲೆಂದು ರಾತ್ರಿ ಹೊಲದಲ್ಲಿ ಬಲ್ಬು ಉರಿಸುವವರಿಗೂ ಒಂದು ಮಾತು. ಅವರದು 230 ವೋಲ್ಟಿನ ಲೈನಾದರೂ ಉದ್ದದ ತೆಳು ವೈರಿನ ಕೊನೆಯಲ್ಲಿ ಬೆಳಕು ತಗ್ಗಿದರೆ ಆ ಸಾಲಿನ ಗಿಡ ಮಾತ್ರ ಬೇಗ ಮೊಗ್ಗು ಕಟ್ಟುತ್ತದೆ. ಹೊಲದ ಒಂದು ಅಂಚಿನಲ್ಲೇ ಮೊಗ್ಗು ಮುಂಚೆ ಕಂಡರೆ ಗೊಬ್ಬರವನ್ನು ದೂರುವ ಮೊದಲು ಅಲ್ಲಿನ ಬಲ್ಬಿನ ವೋಲ್ಟೇಜ್ ಅಳೆಯಿರಿ.

12 ವೋಲ್ಟಿನ ಬಲ್ಬುಗಳು ಮನೆಯ ಬಲ್ಬಿನಂಥದೇ ಹೋಲ್ಡರಿಗೆ ಕೂರುತ್ತವೆ. ಗೊತ್ತಿಲ್ಲದೆ ಮಕ್ಕಳು ಅದನ್ನು 230 ವೋಲ್ಟಿನ ಹೋಲ್ಡರಿಗೆ ಹಾಕಿದರೆ ಬಲ್ಬು ಸಿಡಿಯಬಹುದು. ಡಿಸಿ ಹೋಲ್ಡರುಗಳಿಗೆಲ್ಲ ಕೆಂಪು ಟೇಪು ಸುತ್ತಿ. ಬ್ಯಾಟರಿಯಿಂದ ಹೊರಡುವ ವೈರಿಗೆ, ಬ್ಯಾಟರಿಯ ಪಕ್ಕದಲ್ಲೇ, ಫ್ಯೂಸ್ ಇರಲಿ. ಮೂರ್ನಾಲ್ಕು ಬಲ್ಬಿಗೆ 5 ಆಂಪಿಯರ್ ಸಾಕು.

ಬಲ್ಬಿನದೇ ದೋಷ ಎಂದು ಅಳತೆಯಿಂದ ಖಚಿತವಾದರೆ ಬ್ಯಾಟರಿಯ ಪಕ್ಕದಲ್ಲಿ ಅಳೆದ ವೋಲ್ಟ್, ಆಂಪಿಯರ್ ಅಂಕಿಗಳು ಮೀಟರಿನ ಮೇಲೆ ಕಾಣುವಂತೆ ಮೊಬೈಲಿನಲ್ಲಿ ಫೋಟೊ ತೆಗೆದು, ಬಿಲ್ಲು ಮತ್ತು ಡಬ್ಬದ ಜೊತೆ ಅಂಗಡಿಗೆ ಹೋಗಿ. ಅಂಗಡಿಯವರು ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಬರೆಸಬಹುದು. ಡಬ್ಬವನ್ನೂ ಬಿಲ್ಲನ್ನೂ ವಾರಂಟಿ ಮುಗಿಯುವ ತನಕ ಎಸೆಯಬೇಡಿ.