ಒಂಟಿ ತಾಯಿಯ ಹಳೇ ಪ್ರೇಮಗಳ ಕಾದಂಬರಿ: ಬರೆಯುವುದು ಹೇಗೆ?

ಹಗುರ ಧಾಟಿಯಲ್ಲಿ ಹೆಣ್ಣಿನ ಪ್ರೀತಿ, ನೌಕರಿ, ಗೆಳೆತನಗಳ ಕಥೆ ಹೇಳುವ ಚಿಕ್ ಲಿಟ್ ಕಾದಂಬರಿಗಳಿಗೆ ದೊಡ್ಡ ಓದುಗ ವರ್ಗವಿದೆ. 1996ರಲ್ಲಿ ಬಂದ ಹೆಲೆನ್ ಫೀಲ್ಡಿಂಗ್ ಅವರ 'ಬ್ರಿಜೆಟ್ ಜೋನ್ಸ್ ಡೈರಿ' ಈ ಪ್ರಕಾರವನ್ನು ಮನೆಮಾತು ಮಾಡಿತು. ಆ ಕಾದಂಬರಿಯ ನಾಯಕಿ ಮದುವೆಯಾಗದ, ಮಕ್ಕಳಿಲ್ಲದ ಹೆಣ್ಣು. 2013ರ 'ಮ್ಯಾಡ್ ಅಬೌಟ್ ದಿ ಬಾಯ್'ಗೆ ಬರುವ ಹೊತ್ತಿಗೆ ಅದೇ ಬ್ರಿಜೆಟ್ ಐವತ್ತು ದಾಟಿದ ವಿಧವೆ, ಇಬ್ಬರು ಮಕ್ಕಳ ತಾಯಿ. ನಮ್ಮಲ್ಲಿ ಹೆಣ್ಣಿನ ಒಳಮನಸ್ಸನ್ನು ಜನಪ್ರಿಯ ಕಾದಂಬರಿಗೆ ತಂದ ತ್ರಿವೇಣಿಯವರು 'ಹಣ್ಣೆಲೆ ಚಿಗುರಿದಾಗ'ದಲ್ಲಿ ವಿಧವೆಯ ಮರುಮದುವೆಯ ಪ್ರಶ್ನೆಯನ್ನು ಎತ್ತಿದ್ದರು. ಹಾಗಾಗಿ ಕನ್ನಡದಲ್ಲಿ ಇಂಥ ಕಥೆಗೆ ನೆಲ ಹಸನಾಗಿಯೇ ಇದೆ. ಮೊದಲ ಸಲ ಬರೆಯಲು ಕೂರುವವರು ಈ ಕ್ರಮದಲ್ಲಿ ಹೋಗಬಹುದು.

ಹಂತ 1: ಆಕೆಯ ಒಂದು ದಿನವನ್ನು ಬರೆಯಿರಿ

ಪ್ರೇಮದಿಂದ ಶುರು ಮಾಡಬೇಡಿ. ಬೆಳಗ್ಗೆ ಐದೂವರೆಯಿಂದ ರಾತ್ರಿ ಹನ್ನೊಂದರವರೆಗೆ ಆಕೆ ಏನೇನು ಮಾಡುತ್ತಾಳೆ ಎಂಬುದನ್ನು ಎರಡು ಪುಟ ಬರೆಯಿರಿ. ಉದಾಹರಣೆಗೆ ಒಬ್ಬಳನ್ನು ಕಲ್ಪಿಸಿಕೊಳ್ಳೋಣ: ಶ್ರುತಿ, ಮೂವತ್ತೈದು ವರ್ಷ, ಮೈಸೂರಿನಲ್ಲಿ ಸಹಕಾರಿ ಬ್ಯಾಂಕಿನ ನೌಕರಿ. ಮಗಳು ಅನ್ವಿ ಮೂರನೇ ಕ್ಲಾಸು. ಶಾಲೆ ಬಿಡುವುದು ಮೂರೂವರೆಗೆ, ಬ್ಯಾಂಕು ಬಿಡುವುದು ಐದೂವರೆಗೆ. ನಡುವಿನ ಆ ಎರಡು ಗಂಟೆ ಮಗು ಎಲ್ಲಿರುತ್ತದೆ? ಅಜ್ಜಿ ಮನೆಯಲ್ಲೋ, ಪಕ್ಕದ ಮನೆ ಆಂಟಿಯ ಹತ್ತಿರವೋ, ಟ್ಯೂಷನ್ನಿನಲ್ಲೋ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಪಾತ್ರಗಳು ತಾವಾಗಿಯೇ ಸಿಕ್ಕಂತೆ.

ಕಿಟಕಿ ಪಕ್ಕ ಕೂತು ಹಳೆಯದನ್ನು ನೆನೆಯುವಷ್ಟು ಪುರುಸೊತ್ತು ಒಂಟಿ ತಾಯಿಗೆ ಇರುವುದಿಲ್ಲ. ಈ ಇಡೀ ಕಾದಂಬರಿಯ ತಂತ್ರ ಹುಟ್ಟಬೇಕಾದದ್ದು ಇಲ್ಲಿಂದಲೇ. ನೆನಪು ಬರುವುದಿದ್ದರೆ ಕೆಲಸದ ನಡುವೆಯೇ ಬರಬೇಕು.

ಹಂತ 2: ಆಕೆ ಒಂಟಿಯಾದದ್ದು ಹೇಗೆ ಎಂದು ನಿರ್ಧರಿಸಿ

ಗಂಡ ತೀರಿಕೊಂಡವಳು, ವಿಚ್ಛೇದನ ಪಡೆದವಳು, ಗಂಡ ಹೇಳದೆ ಕೇಳದೆ ಬಿಟ್ಟುಹೋದವಳು, ಮದುವೆಯಾಗದೆ ಹೆತ್ತವಳು, ಒಬ್ಬಳೇ ದತ್ತು ಪಡೆದವಳು. ಇವರೆಲ್ಲರ ಕಾಗದಪತ್ರ ಬೇರೆ, ಬಂಧುಗಳು ಆಡುವ ಮಾತು ಬೇರೆ, ಮಗು ಕೇಳುವ ಪ್ರಶ್ನೆಯೂ ಬೇರೆ.

ಕಾನೂನನ್ನು ತಿಳಿದುಕೊಂಡೇ ಬರೆಯಿರಿ. ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ಪರಸ್ಪರ ಒಪ್ಪಿಗೆಯ ವಿಚ್ಛೇದನ ಬೇಕೆಂದರೆ ದಂಪತಿ ಕನಿಷ್ಠ ಒಂದು ವರ್ಷ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಮೇಲೂ ಆರು ತಿಂಗಳು ಕಾಯಬೇಕು. ಸಂದರ್ಭ ನೋಡಿ ಈ ಆರು ತಿಂಗಳನ್ನು ಕೋರ್ಟು ಬಿಟ್ಟುಕೊಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಥೆಗಾರರಿಗೆ ಆ ಆರು ತಿಂಗಳು ಚಿನ್ನದಂಥ ಅವಧಿ: ಮುಗಿದೂ ಮುಗಿಯದ ಮದುವೆ, ಒಂದು ಫೋನು ಕರೆಯಿಂದ ಎಲ್ಲವೂ ತಿರುಗಿಬಿಡಬಹುದಾದ ಕಾಲ. ನಿಮ್ಮ ನಾಯಕಿ ಅವಿವಾಹಿತ ತಾಯಿಯಾದರೆ 2015ರ ಜುಲೈ ತೀರ್ಪನ್ನು ನೋಡಿ. ಮಗುವಿನ ತಂದೆಗೆ ನೋಟಿಸು ಕೊಡದೆಯೂ ಅವಿವಾಹಿತ ತಾಯಿ ಪೋಷಕತ್ವಕ್ಕೆ ಅರ್ಜಿ ಹಾಕಬಹುದೆಂದು ಸುಪ್ರೀಂ ಕೋರ್ಟ್ ಅಂದು ಒಪ್ಪಿತು. 2016ರ ಕೊನೆಯಲ್ಲಿ ಪಾಸ್‌ಪೋರ್ಟ್ ನಿಯಮವೂ ಬದಲಾಗಿ, ಅರ್ಜಿಯಲ್ಲಿ ತಂದೆ ಅಥವಾ ತಾಯಿ ಒಬ್ಬರ ಹೆಸರಿದ್ದರೂ ಸಾಕೆಂದಾಯಿತು. ಹೀಗಿರುವಾಗ, ಇಂದಿನ ಕಥೆಯಲ್ಲಿ ತಂದೆಯ ಸಹಿ ಇಲ್ಲದೆ ಪಾಸ್‌ಪೋರ್ಟೇ ಸಿಗದು ಎಂದು ಬರೆದರೆ ತಿಳಿದ ಓದುಗರು ಪುಸ್ತಕ ಮುಚ್ಚಿಡುತ್ತಾರೆ.

ಹಂತ 3: ಬಂದುಹೋದ ಗಂಡಸರ ಪಟ್ಟಿ

ಮೂವರು ಸಾಕು. ಪ್ರತಿಯೊಬ್ಬನ ಹೆಸರಿನ ಮುಂದೆ ಆತನ ಓದು, ಎತ್ತರ, ಸಂಬಳ ಬರೆಯುವುದನ್ನು ಬಿಡಿ. ಆತ ಆಕೆಯ ಇವತ್ತಿನ ಮನೆಯಲ್ಲಿ ಏನು ಬಿಟ್ಟುಹೋಗಿದ್ದಾನೆ ಎಂಬುದನ್ನಷ್ಟೇ ಬರೆಯಿರಿ. ಕಾಲೇಜಿನ ಗೆಳೆಯ ಗಾಡಿ ಓಡಿಸಲು ಕಲಿಸಿದ. ಈಗಲೂ ಆಕೆ ಹಂಪ್ ಬಂದಾಗ ಅವನು ಹೇಳಿಕೊಟ್ಟಂತೆಯೇ ಬ್ರೇಕು ಹಿಡಿಯುತ್ತಾಳೆ. ಗಂಡನಿಂದ ಉಳಿದದ್ದು ರಾತ್ರಿ ಬಾಗಿಲ ಚಿಲಕವನ್ನು ಎರಡೆರಡು ಸಲ ನೋಡುವ ಅಭ್ಯಾಸ. ವಿಚ್ಛೇದನದ ನಂತರ ಸಿಕ್ಕವನು ಕೊಡಿಸಿದ ದಾಸವಾಳದ ಗಿಡ ಬಾಲ್ಕನಿಯಲ್ಲಿ ಹೂ ಬಿಡುತ್ತಲೇ ಇದೆ. ಏನನ್ನೂ ಬಿಟ್ಟುಹೋಗದವನನ್ನು ಪಟ್ಟಿಯಿಂದ ತೆಗೆದುಹಾಕಿ, ಅವನು ಎಷ್ಟೇ ಚೆಂದದವನಾದರೂ.

ಮೂವರನ್ನೂ ಕೇಡಿಗರನ್ನಾಗಿ ಮಾಡುವುದು ಈ ಬಗೆಯ ಬರವಣಿಗೆಯ ದೊಡ್ಡ ದೋಷ. ಅವರೆಲ್ಲ ಅಷ್ಟು ಕೆಟ್ಟವರಾಗಿದ್ದರೆ ಆಕೆ ಪ್ರೀತಿಸಿದ್ದಾದರೂ ಯಾಕೆ? ಬಿಟ್ಟುಬಂದ ದಿನವನ್ನು ಬರೆಯುವ ಮೊದಲು, ಪ್ರತಿಯೊಬ್ಬನ ಜೊತೆ ಆಕೆ ಮನಸಾರೆ ನಕ್ಕ ಒಂದು ದಿನವನ್ನು ಬರೆಯಿರಿ.

ಹಳಬನಿಗೆ ಇವತ್ತಿನ ಕಥೆಯಲ್ಲೊಂದು ಕೆಲಸ ಕೊಡುವುದೂ ಒಳ್ಳೆಯ ದಾರಿ. ಬ್ರಿಜೆಟ್‌ಳ ಮೊದಲ ಪುಸ್ತಕದಲ್ಲಿ ಆಕೆಗೆ ಮೋಸ ಮಾಡಿದ ಡೇನಿಯಲ್ ಕ್ಲೀವರ್, ಅವಳು ವಿಧವೆಯಾದ ಮೇಲೆ ಮಕ್ಕಳನ್ನು ನೋಡಿಕೊಳ್ಳಲು ಬರುತ್ತಾನೆ. ಒಬ್ಬ ಮನುಷ್ಯ ಪ್ರೇಮಿಯಾಗಿ ಸೋತು ಇನ್ನೊಂದು ಬಗೆಯಲ್ಲಿ ಹತ್ತಿರದವನಾಗುವುದನ್ನು ಓದುವುದು ಎಷ್ಟು ಹಿತ!

ಹಂತ 4: ನೆನಪಿಗೆ ಬಾಗಿಲು

'ಶ್ರುತಿಯ ಮನಸ್ಸು ಹತ್ತು ವರ್ಷ ಹಿಂದಕ್ಕೆ ಓಡಿತು' ಎಂಬ ವಾಕ್ಯವನ್ನು ಒಮ್ಮೆಯೂ ಬರೆಯಬೇಡಿ. ಬದಲಿಗೆ ಹೀಗೆ ಮಾಡಬಹುದು:

ಅನ್ವಿಯ ಪ್ರಾಜೆಕ್ಟಿಗೆ ರಟ್ಟು ಬೇಕಿತ್ತು. ರಾತ್ರಿ ಒಂಬತ್ತೂವರೆ, ಅಂಗಡಿ ಮುಚ್ಚಿದೆ. ಶ್ರುತಿ ಸ್ಟೂಲು ಹತ್ತಿ ಅಟ್ಟದಿಂದ ಹಳೇ ಪೆಟ್ಟಿಗೆಯೊಂದನ್ನು ಇಳಿಸಿದಳು. ಮೇಲೆ ಕಿರಣನ ಅಕ್ಷರ: 'ಅಡುಗೆಮನೆ. ಒಡೆಯೋ ಸಾಮಾನು, ಹುಷಾರು.' ಹುಬ್ಬಳ್ಳಿಯ ಮನೆ ಖಾಲಿ ಮಾಡಿದ ದಿನ ಬರೆದದ್ದು.
'ಅಮ್ಮಾ, ಈ ಕಡೆ ಕತ್ತರಿಸ್ಲಾ?'
'ಅದು ಬೇಡ ಪುಟ್ಟಾ. ತಳದ್ದು ಗಟ್ಟಿಯಿದೆ, ಅದನ್ನೇ ತಗೋ.'

ಇಲ್ಲಿ ಆಕೆ ಅತ್ತಿಲ್ಲ, ನಿಟ್ಟುಸಿರು ಬಿಟ್ಟಿಲ್ಲ. ಆ ಅಕ್ಷರಕ್ಕೆ ಕತ್ತರಿ ತಾಗದಂತೆ ನೋಡಿಕೊಂಡಳು, ಅಷ್ಟೇ. ಓದುಗರಿಗೆ ಕಿರಣ ಯಾರೆಂದು ಕೇಳಬೇಕೆನಿಸುತ್ತದೆ. ಹುಬ್ಬಳ್ಳಿಯ ಕಥೆ ಹೇಳಲು ಈಗ ಒಂದು ಪುಟ ತೆಗೆದುಕೊಳ್ಳಿ, ಅದಕ್ಕಿಂತ ಹೆಚ್ಚು ಬೇಡ. ಬೆಳಗ್ಗೆಯೊಳಗೆ ಪ್ರಾಜೆಕ್ಟು ಮುಗಿಯಬೇಕಲ್ಲ, ವಾಪಸು ಬನ್ನಿ. ಉಳಿದದ್ದಕ್ಕೆ ಮುಂದಿನ ಅಧ್ಯಾಯದಲ್ಲಿ ಇನ್ನೊಂದು ಕೆಲಸ, ಇನ್ನೊಂದು ವಸ್ತು ಹುಡುಕಿ.

ಹಂತ 5: ಮಗುವನ್ನು ಮಗುವಾಗಿರಲು ಬಿಡಿ

ಎಂಟು ವರ್ಷದ ಹುಡುಗಿ ಅಮ್ಮನಿಗೆ ಜೋಡಿ ಹುಡುಕುವುದು, ಮುದುಕಿಯಂತೆ ಬುದ್ಧಿ ಹೇಳುವುದು ಸಿನಿಮಾದಲ್ಲಿ ಸಾಕಷ್ಟು ಆಗಿದೆ. ನಿಮ್ಮ ಅನ್ವಿಗೆ ಅವಳದೇ ಆದ ಗೋಳುಗಳಿರಲಿ: ಕ್ಲಾಸಿನ ಜಗಳ, ಅಲುಗಾಡುವ ಹಲ್ಲು, ಡ್ಯಾನ್ಸಿನಲ್ಲಿ ಹಿಂದಿನ ಸಾಲು. ಆದರೆ ಅಮ್ಮ ಮುಚ್ಚಿಟ್ಟಿದ್ದೇನೆಂದುಕೊಂಡ ಒಂದು ಸಂಗತಿ ಅವಳಿಗೆ ಮೊದಲೇ ಗೊತ್ತಿರಲಿ. ಅದು ಹೊರಬರುವ ಕ್ಷಣವೇ ಕಾದಂಬರಿಯ ನಡುಬಿಂದು. ತಿಂಗಳಿಗೆರಡು ಶನಿವಾರ ಅಪ್ಪನ ಮನೆಗೆ ಹೋಗಿಬರುವ ಮಗುವಾದರೆ, ಹೋಗುವಾಗಿನ ಬ್ಯಾಗು ಮತ್ತು ಬರುವಾಗಿನ ಬ್ಯಾಗು ಎರಡರಲ್ಲೂ ಏನಿತ್ತೆಂದು ಬರೆಯಿರಿ.

ಹಂತ 6: ನಗು

ನಗು ಇಲ್ಲದಿದ್ದರೆ ಇದು ಗೋಳಿನ ಕಥೆಯಾಗುತ್ತದೆ. ಬ್ರಿಜೆಟ್ ದಿನದ ತೂಕ, ಸೇದಿದ ಸಿಗರೇಟು, ಕುಡಿದ ಮದ್ಯವನ್ನು ಡೈರಿಯಲ್ಲಿ ಲೆಕ್ಕ ಬರೆಯುತ್ತಾಳೆ; ಆ ಲೆಕ್ಕದಲ್ಲೇ ಅವಳ ಸ್ವಭಾವವೆಲ್ಲ ಕಾಣುತ್ತದೆ. ನಿಮ್ಮ ನಾಯಕಿಗೆ ತಾಯಂದಿರ ವಾಟ್ಸಾಪ್ ಗುಂಪು ಇರಲಿ. ಆಕೆ ಲೋಕವನ್ನು ನೋಡಿ ನಗಲಿ. ಲೋಕ ಆಕೆಯನ್ನು ನೋಡಿ ನಗುವಂತೆ ಬರೆಯಬೇಡಿ.

ಹಂತ 7: ಕೊನೆ, ಮತ್ತು ಓದಿಸುವುದು

ಮದುವೆಯಲ್ಲೇ ಮುಗಿಯಬೇಕೆಂದಿಲ್ಲ, ಮುಗಿಯಬಾರದೆಂದೂ ಇಲ್ಲ. ಮೊದಲ ಅಧ್ಯಾಯದಲ್ಲಿ ಬಾಯಿಗೆ ಬಾರದ ಒಂದು ಮಾತನ್ನು ಕೊನೆಯ ಅಧ್ಯಾಯದಲ್ಲಿ ಆಕೆ ಆಡಬೇಕು. ಅಮ್ಮನಿಗೋ, ಮಗಳಿಗೋ, ಕಿರಣನಿಗೋ ಎಂಬುದು ನಿಮಗೆ ಬಿಟ್ಟದ್ದು. ಸ್ವಂತ ಬದುಕಿನಿಂದ ತೆಗೆದುಕೊಂಡಿದ್ದರೆ ಊರು, ಉದ್ಯೋಗ, ಮಗುವಿನ ವಯಸ್ಸು ಮೂರನ್ನೂ ಬದಲಿಸಿ. ಮೂರು ಅಧ್ಯಾಯ ಆದೊಡನೆ ಒಬ್ಬಳೇ ಮಗು ಸಾಕುತ್ತಿರುವ ಯಾರಾದರೂ ಒಬ್ಬರಿಗೆ ಓದಲು ಕೊಡಿ. ಹೇಗಿದೆ ಎಂದು ಕೇಳಬೇಡಿ. 'ಹೀಗೆಲ್ಲ ಮಾಡಲು ಸಮಯ ಎಲ್ಲಿರುತ್ತದೆ' ಎನಿಸಿದ ಕಡೆಯೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆಯಲು ಹೇಳಿ, ಎರಡನೇ ಕರಡನ್ನು ಆ ಗೆರೆಗಳಿಂದ ಶುರು ಮಾಡಿ.