ಎಲ್ಲೆಯ ಹೆಸರು, ನೆಲದ ಹಕ್ಕು: ಸೋಲಿಗರಿಂದ ಒಂದು ಪಾಠ

ಪಾಠದ ಉದ್ದೇಶ

ನೆಲದ ಮೇಲಿನ ಹಕ್ಕಿಗೆ ಕಾಗದಪತ್ರಗಳಂತೆಯೇ ಜನರ ನೆನಪೂ ಸಾಕ್ಷಿಯಾಗಬಲ್ಲದೆಂಬುದನ್ನು ವಿದ್ಯಾರ್ಥಿಗಳು ಅರಿಯುವುದು; ಮನೆಯ ಹಿರಿಯರು ಬಳಸುವ ಸ್ಥಳನಾಮಗಳನ್ನು ಸಂಗ್ರಹಿಸಿ ಶುದ್ಧವಾಗಿ ಬರೆಯಲು ಕಲಿಯುವುದು. ಎಂಟನೆಯ ಮತ್ತು ಮೇಲಿನ ತರಗತಿಗಳಿಗೆ, ಎರಡು ಅವಧಿಗಳು.

ವಿಷಯ ವಿವರಣೆ

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ತಲೆತಲಾಂತರದಿಂದ ವಾಸಿಸುತ್ತ ಬಂದಿದ್ದಾರೆ. ಅವರ ನುಡಿ ಕನ್ನಡಕ್ಕೆ ಅತಿ ಸಮೀಪವಾದುದು. ಅವರ ವಸತಿಗೆ 'ಪೋಡು' ಎಂದು ಹೆಸರು. ಬೆಟ್ಟದ ರಂಗನಾಥನು ತಮ್ಮ ಕುಲದ ಕುಸುಮಾಲೆಯನ್ನು ವರಿಸಿದನೆಂದು ನಂಬುವ ಅವರು, ದೇವರನ್ನು 'ರಂಗಭಾವ' ಎಂದೇ ಕರೆಯುತ್ತಾರೆ.

ಸೋಲಿಗರ ಕುಲಗಳು ಕಾಡಿನಲ್ಲಿ ತಮ್ಮ ತಮ್ಮ ನೆಲವನ್ನು 'ಎಲ್ಲೆ' ಎಂದು ಗುರುತಿಸುತ್ತವೆ. ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪೂಜ್ಯ ತಾಣಗಳಿವೆ. ಕಲ್ಲುಗುಡಿಯು ಪೂರ್ವಿಕರ ಸಮಾಧಿಯ ನೆಲೆ. ಅಬ್ಬಿಯು ನೀರಿನ ನೆಲೆ. ಈ ಹೆಸರುಗಳು ಬಹುಕಾಲ ಯಾವ ದಫ್ತರದಲ್ಲಿಯೂ ಇರಲಿಲ್ಲ. ಹಿರಿಯರ ಬಾಯಲ್ಲಿ ಮಾತ್ರ ಇದ್ದವು.

1974ರಲ್ಲಿ ಆ ಕಾಡು ವನ್ಯಜೀವಿಧಾಮವೆಂದು ಘೋಷಿತವಾಯಿತು. ಸೋಲಿಗರ ಸ್ಥಳಾಂತರಿತ ಬೇಸಾಯ ನಿಂತಿತು. ಅನೇಕ ಪೋಡುಗಳು ಜಾಗ ಬದಲಿಸಬೇಕಾಯಿತು. ಮುಂದೆ ಜೇನು, ನೆಲ್ಲಿಕಾಯಿ ಮುಂತಾದ ಕಿರು ಉತ್ಪನ್ನಗಳ ಸಂಗ್ರಹಕ್ಕೂ ನಿಷೇಧ ಬಂದಿತು. ಕಾಡನ್ನು ಬಲ್ಲವರೇ ಕಾಡಿಗೆ ಹೊರಗಿನವರಾದರು.

2006ರ ಅರಣ್ಯ ಹಕ್ಕು ಕಾಯಿದೆ ಈ ಸ್ಥಿತಿಯನ್ನು ಬದಲಿಸಿತು. ಅದರ ನಿಯಮಗಳ ಪ್ರಕಾರ ಬಾವಿ, ಸಮಾಧಿಸ್ಥಳ, ಪೂಜಾಸ್ಥಳಗಳು ಸಾಕ್ಷ್ಯವಾಗುತ್ತವೆ. ಹಿರಿಯರು ಹೇಳಿ ಬರೆಯಿಸಿದ ಹೇಳಿಕೆಯೂ ಸಾಕ್ಷ್ಯವೇ. ಸೋಲಿಗರು ಸಂಶೋಧಕರೊಡಗೂಡಿ ಹಿರಿಯರ ಮಾರ್ಗದರ್ಶನದಲ್ಲಿ ತಮ್ಮ ಪೂಜ್ಯ ತಾಣಗಳ ನಕ್ಷೆಯನ್ನು ಸಿದ್ಧಪಡಿಸಿದರು. 2011ರ ಜನವರಿಯಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು.

ದೂರದ ಒಂದು ನಿದರ್ಶನ

ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯ ಚುಮಾಶ್ ಜನರ ಕಥೆಯೂ ಇದಕ್ಕೆ ಹೋಲುತ್ತದೆ. ವಿಶಾಲ ತೀರದಲ್ಲಿ ಬಾಳಿದ ಅವರಲ್ಲಿ ಸಾಂತಾ ಇನೆಝ್ ಶಾಖೆಗೆ 1901ರಲ್ಲಿ ಒಂದು ಚಿಕ್ಕ ಮೀಸಲು ಭೂಮಿ ದೊರೆಯಿತು. 2010ರಲ್ಲಿ ಆ ಶಾಖೆಯವರು ಸಮೀಪದ ಸುಮಾರು 1,400 ಎಕರೆಯನ್ನು ಹಣ ಕೊಟ್ಟು ಕೊಂಡರು. ಅದು ಮೀಸಲು ಭೂಮಿಗೆ ಸೇರಿದುದನ್ನು 2019ರ ಕಾನೂನು ದೃಢಪಡಿಸಿತು. ಪೂರ್ವಿಕರ ನೆಲವನ್ನೇ ಕೊಂಡುಕೊಳ್ಳಬೇಕಾಯಿತೆಂಬುದನ್ನು ವಿದ್ಯಾರ್ಥಿಗಳು ಗಮನಿಸಲಿ. ಅವರ ಸಮಾಲಾ ನುಡಿಯನ್ನು ಮಾತನಾಡುವವರು ಇಲ್ಲವಾದರೂ ಹಳೆಯ ದಾಖಲೆಗಳ ಆಧಾರದಿಂದ 2008ರಲ್ಲಿ ನಿಘಂಟು ಪ್ರಕಟವಾಯಿತು. ಮಾಲಿಬು ಎಂಬ ಪ್ರಸಿದ್ಧ ಊರಿನ ಹೆಸರು ಇಂದಿಗೂ ಚುಮಾಶ್ ಮೂಲದ್ದೇ.

ಚಟುವಟಿಕೆ

ಮಹಾರಾಷ್ಟ್ರದ ಸಾತ್‌ಬಾರಾ ಉತಾರದಲ್ಲಿ ಗಟ್ ನಂಬರಿನೊಡನೆ ಹೊಲದ ಸ್ಥಳೀಯ ಹೆಸರಿಗೂ ಒಂದು ಸ್ಥಾನವಿದೆ. ಶಿಕ್ಷಕರು ಒಂದು ಮಾದರಿ ಉತಾರವನ್ನು ತೋರಿಸಿ ಆ ಸ್ಥಾನವನ್ನು ಗುರುತಿಸಲು ಹೇಳಬೇಕು. ಬಳಿಕ ಪ್ರತಿಯೊಬ್ಬ ವಿದ್ಯಾರ್ಥಿಯೂ ಅಜ್ಜ, ಅಜ್ಜಿ ಅಥವಾ ನೆರೆಯ ಹಿರಿಯರನ್ನು ಕೇಳಿ, ಹೊಲ, ಬಾವಿ, ಹಳ್ಳ, ಓಣಿ, ಮರ ಇವುಗಳಲ್ಲಿ ಐದರ ಹೆಸರು ಮತ್ತು ಆ ಹೆಸರಿನ ಕಾರಣವನ್ನು ಬರೆದು ತರಬೇಕು. ಎರಡನೆಯ ಅವಧಿಯಲ್ಲಿ ಎಲ್ಲವನ್ನೂ ಒಂದೇ ನಕ್ಷೆಯ ಮೇಲೆ ಗುರುತಿಸಬೇಕು.

ಶಿಕ್ಷಕರಿಗೆ ಸೂಚನೆ

ಹುಪರಿಯ ಬೆಳ್ಳಿ ಕೆಲಸದ ಮನೆಗಳಲ್ಲಿಯೂ ಇಚಲಕರಂಜಿಯ ಮಗ್ಗದ ಮನೆಗಳಲ್ಲಿಯೂ ಹೊಲವಿಲ್ಲದ ಮಕ್ಕಳಿರುತ್ತಾರೆ. ಆದುದರಿಂದ ಯಾರ ಹೊಲ ಎಷ್ಟೆಂದು ಕೇಳಬಾರದು. ಓಣಿ, ಬಾವಿಗಳ ಹೆಸರಿಗೂ ಸಮಾನ ಬೆಲೆ ಕೊಡಬೇಕು. ಒಂದೇ ಜಾಗಕ್ಕೆ ಕನ್ನಡದಲ್ಲೊಂದು, ಮರಾಠಿಯಲ್ಲೊಂದು ಹೆಸರಿದ್ದರೆ ಎರಡನ್ನೂ ಬರೆಯಿಸಬೇಕು. ಯಾವುದು ಮೊದಲಿನದೆಂಬ ವಾದ ಈ ಪಾಠದ ಗುರಿಯಲ್ಲ. ಸೋಲಿಗರನ್ನು 'ಹಿಂದುಳಿದ ಕಾಡುಜನ' ಎಂದು ಪರಿಚಯಿಸದೆ, ಕಾಡನ್ನು ಬಲ್ಲವರೆಂದು ಪರಿಚಯಿಸಬೇಕು.

ಮೌಲ್ಯಮಾಪನ

1. 'ಎಲ್ಲೆ' ಎಂದರೇನು? ಅದರಲ್ಲಿರುವ ತಾಣಗಳನ್ನು ಹೆಸರಿಸಿರಿ.
2. ಹಿರಿಯರ ಹೇಳಿಕೆಯನ್ನು ಬರೆದಿಡುವುದು ಏಕೆ ಅವಶ್ಯಕ?
3. ನೀವು ಸಂಗ್ರಹಿಸಿದ ಒಂದು ಹೆಸರಿನ ಹಿನ್ನೆಲೆಯನ್ನು ಐದು ವಾಕ್ಯಗಳಲ್ಲಿ ಬರೆಯಿರಿ.

ಸಿದ್ಧವಾದ ನಕ್ಷೆಯನ್ನು ಶಾಲೆಯಲ್ಲಿ ಕಾಪಾಡಿ, ಪ್ರತಿವರ್ಷ ಹೊಸ ಹೆಸರುಗಳನ್ನು ಸೇರಿಸುತ್ತ ಹೋಗಬೇಕು. ಹೇಳಬಲ್ಲ ಹಿರಿಯರು ಇರುವಾಗಲೇ ಈ ಕೆಲಸ ನಡೆಯಬೇಕು.