ದಿಂಬಿನ ಪಕ್ಕದ ಕೋವಿ

ಪ್ರಶ್ನೆ: ನನಗೆ 52 ವರ್ಷ. ವಿರಾಜಪೇಟೆ ಕಡೆ ನಮ್ಮದು ಸಣ್ಣ ಕಾಫಿ ತೋಟ, ತೋಟದ ನಡುವೆ ಮನೆ. ಯಜಮಾನರು ಹೋಗಿ ಎಂಟು ತಿಂಗಳಾಯಿತು. ಹೋದ ತಿಂಗಳು ಪಕ್ಕದ ತೋಟದ ಕಣದಿಂದ ರಾತ್ರೋರಾತ್ರಿ ಕರಿಮೆಣಸಿನ ಚೀಲಗಳನ್ನು ಹೊತ್ತುಕೊಂಡು ಹೋದರು. ಅಂದಿನಿಂದ ನನಗೆ ನಿದ್ದೆಯಿಲ್ಲ. ಇವರ ಜೋಡಿ ನಳಿಗೆ ಕೋವಿಗೆ ಗುಂಡು ತುಂಬಿ ಮಂಚದ ಪಕ್ಕ ಇಟ್ಟುಕೊಂಡು ಮಲಗುತ್ತೇನೆ. ಕೈಲ್ ಮುಹೂರ್ತದ ಆಯುಧಪೂಜೆಯ ದಿನ ತೆಂಗಿನಕಾಯಿಗೆ ಗುರಿಯಿಟ್ಟದ್ದು ಬಿಟ್ಟರೆ ನನಗೆ ಕೋವಿಯ ಅಭ್ಯಾಸವಿಲ್ಲ. ಭಾವನ ಮಗ, 'ಹೆಂಗಸರಿಗೆ ಪಿಸ್ತೂಲೇ ಸರಿ, ನಾನು ಕೊಡಿಸುತ್ತೇನೆ' ಅನ್ನುತ್ತಾನೆ. ನನ್ನ ಮಗ, 'ತೋಟ ಮಾರಿ ಬೆಂಗಳೂರಿಗೆ ಬಾ' ಅನ್ನುತ್ತಾನೆ. ನಾನು ಎಲ್ಲಿಗೂ ಹೋಗುವವಳಲ್ಲ. ಯಾವ ಕೋವಿ ಇಟ್ಟುಕೊಂಡರೆ ಒಳ್ಳೆಯದು? ಅವರಿಲ್ಲದ ಈ ಮನೆಯಲ್ಲಿ ಒಮ್ಮೊಮ್ಮೆ ಎಲ್ಲವೂ ಸಾಕು ಅನ್ನಿಸುತ್ತದೆ.

– ಹೆಸರು ಬೇಡ, ದಕ್ಷಿಣ ಕೊಡಗು

ಉತ್ತರ: ನಿಮ್ಮ ಭಯ ಸುಳ್ಳಲ್ಲ. ಅದನ್ನು ಹೇಳಿಕೊಳ್ಳಲು ನಾಚಿಕೆಪಡಬೇಕಾದ್ದೂ ಇಲ್ಲ. ಇಷ್ಟು ವರ್ಷ ರಾತ್ರಿ ಏನಾದರೂ ಸದ್ದಾದರೆ ಎದ್ದು ನೋಡುವವರು ಒಬ್ಬರಿದ್ದರು; ನೀವು ಮಗ್ಗಲು ಬದಲಿಸಿ ಮಲಗುತ್ತಿದ್ದಿರಿ. ಈಗ ಅದೇ ಸದ್ದಿಗೆ ನೀವೇ ಏಳಬೇಕು. ಹೆಂಚಿನ ಮೇಲೆ ಕಬ್ಬೆಕ್ಕು ಓಡಿದರೂ, ಹಲಸಿನ ಹಣ್ಣು ಉದುರಿದರೂ ಎದೆ ಹೊಡೆದುಕೊಳ್ಳುತ್ತದೆ. ಅದಕ್ಕೆ ಸರಿಯಾಗಿ ಪಕ್ಕದ ತೋಟದಲ್ಲಿ ಕಳ್ಳತನವೂ ಆಗಿದೆ. ನಿದ್ದೆ ಬಾರದಿದ್ದರೆ ಅದರಲ್ಲಿ ಆಶ್ಚರ್ಯವೇನು?

ತೋಟ ಬಿಟ್ಟು ಹೋಗುವವಳಲ್ಲ ಎಂದಿದ್ದೀರಿ. ಅದು ನಿಮ್ಮ ತೀರ್ಮಾನ, ನನಗೆ ಸರಿಯೆಂದೇ ಕಾಣುತ್ತದೆ. ಮಗನ ಮಾತಿನ ಹಿಂದೆ ಇರುವುದೂ ಆತಂಕವೇ. ಅದನ್ನು ಒತ್ತಾಯವೆಂದು ತಿಳಿಯಬೇಡಿ. 'ಮಾರುವ ಮಾತು ಬೇಡ, ರಾತ್ರಿ ನಾನು ನೆಮ್ಮದಿಯಾಗಿ ಮಲಗಲು ಏನು ಮಾಡಬೇಕೋ ಅದಕ್ಕೆ ಸಹಾಯ ಮಾಡು' ಎಂದು ಅವನಿಗೆ ಒಂದು ಕೆಲಸ ಕೊಡಿ. ದೂರದಲ್ಲಿರುವ ಮಕ್ಕಳಿಗೆ ಕೆಲಸ ಕೊಟ್ಟರೆ ಉಪದೇಶ ಕಡಿಮೆಯಾಗುತ್ತದೆ.

ಇನ್ನು ಕೋವಿಯ ವಿಷಯ. ಯಾವುದು ಒಳ್ಳೆಯದು ಎಂದು ಕೇಳಿದ್ದೀರಿ. ಅದಕ್ಕೆ ಮುಂಚೆ ನಿಮ್ಮ ಮನೆಯ ಒಂದು ರಾತ್ರಿಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಎರಡು ಗಂಟೆ. ಹಿಂದಿನ ಬಾಗಿಲ ಹತ್ತಿರ ಸದ್ದು. ಕರೆಂಟಿಲ್ಲ, ಮಳೆಗಾಲದಲ್ಲಿ ನಿಮ್ಮ ಕಡೆ ಅದು ಹೊಸದೇನಲ್ಲ. ಜೋಡಿ ನಳಿಗೆಯ ಕೋವಿ ಮೂರು ಕಿಲೋ ಆಸುಪಾಸು ತೂಗುತ್ತದೆ, ಹಿಡಿಯಲು ಎರಡೂ ಕೈ ಬೇಕು. ಹಾಗಾದರೆ ಟಾರ್ಚ್ ಹಿಡಿಯುವವರು ಯಾರು? ಫೋನ್ ಮಾಡುವವರು ಯಾರು? ನಡುಮನೆಯ ಇಕ್ಕಟ್ಟಿನಲ್ಲಿ ಅಷ್ಟುದ್ದದ ನಳಿಗೆಯನ್ನು ತಿರುಗಿಸುವಾಗ ಎದುರಿಗಿದ್ದವರು ಅದನ್ನು ಕಿತ್ತುಕೊಳ್ಳುವುದು ಕಷ್ಟವಲ್ಲ. ಹಲಗೆ ಬಾಗಿಲಿನ ಈಚೆಯಿಂದ ಹಾರಿಸಿದ ಈಡು ಬಾಗಿಲಿಗೇ ನಿಲ್ಲುವುದೂ ಇಲ್ಲ. ಆಚೆ ನಿಂತವರು ಯಾರು ಎಂಬುದು ಗೊತ್ತಾಗುವುದು ಆಮೇಲೆ.

ನಿಮ್ಮ ಊರಿನಲ್ಲಿ ಆ ಹೊತ್ತಿನಲ್ಲಿ ಬಾಗಿಲು ತಟ್ಟುವವರು ಯಾರಿರಬಹುದು? ಮಗುವಿಗೆ ಜ್ವರ ಎಂದು ಕೆಲಸಗಾರರ ಲೈನ್ ಮನೆಯಿಂದ ಓಡಿ ಬಂದವಳು. ಆನೆ ಒಳಗೆ ಬಂದಿದೆ ಎಂದು ಹೇಳಲು ಬಂದ ಪಕ್ಕದ ತೋಟದ ರೈಟರ್. ತಿಳಿಸದೆ ಕೊನೆಯ ಬಸ್ಸಿಗೆ ಬಂದ ನಿಮ್ಮ ಮಗ. ಅರೆನಿದ್ದೆಯಲ್ಲಿ, ಭಯದಲ್ಲಿ ಇವರೆಲ್ಲರೂ ಕಳ್ಳರಂತೆಯೇ ಕಾಣುತ್ತಾರೆ. ನೀವು ಹೆಂಗಸೆಂದು ಈ ಮಾತು ಹೇಳುತ್ತಿಲ್ಲ. ಕೈಲ್ ಮುಹೂರ್ತದಲ್ಲಿ ತೋಕ್‌ಗೆ (ಕೋವಿಗೆ) ಹೂವೇರಿಸಿ ಪೂಜೆ ಮಾಡಿ, ಮರದ ತುದಿಯ ಕಾಯಿಗೆ ಗುರಿಯಿಟ್ಟು ಒಡೆಯುವ ಎಷ್ಟೋ ಹೆಣ್ಣುಮಕ್ಕಳು ನಿಮ್ಮಲ್ಲಿದ್ದಾರೆ. ಆದರೆ ಆ ಕಾಯಿ ಹಗಲು ಬೆಳಕಿನಲ್ಲಿ ಅಲ್ಲಾಡದೆ ನಿಂತಿರುತ್ತದೆ, ಸುತ್ತ ಹತ್ತು ಜನ ಚಪ್ಪಾಳೆ ತಟ್ಟುತ್ತಿರುತ್ತಾರೆ. ಕತ್ತಲಲ್ಲಿ ನಡುಗುವ ಕೈಗೆ ಬೇಕಾದ ಅಭ್ಯಾಸ ಬೇರೆಯೇ. ಅದು ಗಂಡಸಿಗೂ ತಾನಾಗಿ ಬರುವುದಿಲ್ಲ.

ಭಾವನ ಮಗನ ಪಿಸ್ತೂಲಿನ ಮಾತು ಹಿತದಿಂದಲೇ ಬಂದಿರಬಹುದು. 'ಹೆಂಗಸರ ಕೋವಿ' ಎಂಬ ಯೋಚನೆ ಅವನೊಬ್ಬನದೂ ಅಲ್ಲ. ದೆಹಲಿಯಲ್ಲಿ 2012ರಲ್ಲಿ ನಡೆದ ಆ ಘೋರ ಸಾಮೂಹಿಕ ಅತ್ಯಾಚಾರ ಪ್ರಕರಣದ ನಂತರ, 2014ರ ಜನವರಿಯಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ 'ನಿರ್ಭೀಕ್' ಎಂಬ ಹಗುರ ರಿವಾಲ್ವರನ್ನು ಹೆಂಗಸರಿಗಾಗಿಯೇ ಎಂದು ಹೊರತಂದಿತು. ತೂಕ ಅರ್ಧ ಕಿಲೋ, ಆಗಿನ ಬೆಲೆ ಒಂದು ಲಕ್ಷ 22 ಸಾವಿರದಷ್ಟು. ಬಸ್ಸಿನಲ್ಲಿ ಓಡಾಡುವ ಯಾವ ಹುಡುಗಿಯ ಕೈಗೆ ಅದು ಸಿಗುತ್ತಿತ್ತು ಎಂದು ಆಗಲೇ ಅನೇಕರು ಕೇಳಿದ್ದರು. ನನಗೂ ಹಾಗೆಯೇ ಅನ್ನಿಸಿತ್ತು. ಹಗುರವಾದ ಆಯುಧ ಚೀಲದಲ್ಲಿ ಹಿಡಿಸುತ್ತದೆ, ನಿಜ. ಗುಂಡು ಹಾರಿದಾಗ ಕೈಗೆ ಅಷ್ಟೇ ಜೋರಾಗಿ ಒದೆಯುತ್ತದೆ ಕೂಡ. ಭಾವನ ಮಗನಿಗೆ ಬೇಸರವಾಗದಂತೆ 'ಸದ್ಯಕ್ಕೆ ಬೇಡ ಕಣೋ' ಎಂದುಬಿಡಿ. ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಯಲ್ಲಿ ನೀವೇ ವಿಚಾರಿಸದೆ ಯಾರ ಮೂಲಕವೂ ಮುಂಗಡ ಕೊಡಬೇಡಿ, ಯಾವ ಆಯುಧವನ್ನೂ ಮನೆಗೆ ತರಿಸಬೇಡಿ.

ಕಾನೂನನ್ನೂ ಸ್ವಲ್ಪ ತಿಳಿದುಕೊಳ್ಳಿ. ಕೊಡವರಿಗೆ, ಕೊಡಗಿನ ಜಮ್ಮಾ (ವಂಶಪಾರಂಪರ್ಯ) ಹಿಡುವಳಿದಾರರಿಗೆ ಕೋವಿ ಪರವಾನಗಿಯಿಂದ ಇರುವ ವಿನಾಯಿತಿ ಬ್ರಿಟಿಷರ ಕಾಲದ್ದು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಇನ್ನೂ ಹತ್ತು ವರ್ಷಕ್ಕೆ, ಅಂದರೆ 2029ರ ಅಕ್ಟೋಬರ್ ಕೊನೆಯವರೆಗೆ ವಿಸ್ತರಿಸಿತು. 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಹಾಗೆಂದು ಯಜಮಾನರ ಹೆಸರಿನ ಕೋವಿಯನ್ನು ಕಾಗದಪತ್ರ ನೋಡದೆ ಇಟ್ಟುಕೊಂಡಿರುವುದು ಬೇಡ. ಅವರ ವಿನಾಯಿತಿ ಪತ್ರ, ಮರಣ ಪ್ರಮಾಣಪತ್ರ ಹಿಡಿದುಕೊಂಡು ಅದೇ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ, ಕೋವಿಯ ವಿಷಯ ಏನು ಮಾಡಬೇಕೆಂದು ಬರಹದಲ್ಲೇ ಕೇಳಿ.

ಆತ್ಮರಕ್ಷಣೆಯ ಹಕ್ಕಂತೂ ನಿಮಗಿದೆ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಅದನ್ನೇ ಹೇಳುತ್ತವೆ. ಕತ್ತಲಾದ ಮೇಲೆ ಮನೆ ಒಡೆದು ನುಗ್ಗುವವನ ಬಗ್ಗೆ ಕಾನೂನು ಮೃದುವಾಗಿಲ್ಲ. ಆದರೆ ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ, ಪೊಲೀಸರ ನೆರವು ಪಡೆಯಲು ಸಮಯವಿದ್ದಾಗ ಆ ಹಕ್ಕಿಲ್ಲ ಎಂದೂ ಅದೇ ಸಂಹಿತೆ ಹೇಳುತ್ತದೆ. ಕಣದಲ್ಲಿ ಮೆಣಸಿನ ಚೀಲ ಎತ್ತಿಕೊಂಡು ಓಡುತ್ತಿರುವವನ ಬೆನ್ನಿಗೆ ಈಡು ಹೊಡೆದರೆ ಉಳಿದ ಆಯುಷ್ಯ ಕೋರ್ಟು ಕಚೇರಿಯಲ್ಲೇ ಕಳೆಯಬೇಕಾದೀತು. ಆನೆಯ ಮೇಲಂತೂ ಕೋವಿ ಎತ್ತುವ ಮಾತೇ ಇಲ್ಲ. ಅದಕ್ಕೆ ಅರಣ್ಯ ಇಲಾಖೆಯವರನ್ನು ಕರೆಯಬೇಕು.

ಈಗ ನಿಮ್ಮ ಕಾಗದದ ಕೊನೆಯ ಸಾಲಿಗೆ ಬರುತ್ತೇನೆ. ಮೆಣಸು, ಕಳ್ಳರು, ಪಿಸ್ತೂಲು ಎಲ್ಲ ಬರೆದಾದ ಮೇಲೆ, ಎಲ್ಲವೂ ಸಾಕು ಅನ್ನಿಸುತ್ತದೆ ಎಂದು ಒಂದು ಮಾತು ಸೇರಿಸಿದ್ದೀರಿ. ನಾನು ಅದನ್ನು ಮತ್ತೆ ಮತ್ತೆ ಓದಿದೆ. ಅದು ಬರೀ ಸುಸ್ತಿನ ಮಾತಿರಬಹುದು. ಬದುಕೇ ಬೇಡ ಎಂಬ ಅರ್ಥದಲ್ಲೂ ಇರಬಹುದು. ಆದ್ದರಿಂದ ನೇರವಾಗಿ ಕೇಳುತ್ತೇನೆ: ಸಾಯಬೇಕೆಂಬ ಯೋಚನೆ ನಿಮಗೆ ಬಂದಿದೆಯೇ? ಬಂದಿದ್ದರೆ ನೀವು ಹೇಡಿಯೂ ಅಲ್ಲ, ಹುಚ್ಚರೂ ಅಲ್ಲ. ಇಷ್ಟು ವರ್ಷ ಜೊತೆಗಿದ್ದವರನ್ನು ಕಳೆದುಕೊಂಡು, ವಾರಗಟ್ಟಲೆ ನಿದ್ದೆಗೆಟ್ಟ ಮನಸ್ಸಿಗೆ ಇಂಥ ಯೋಚನೆ ಬರುವುದುಂಟು. ಬಂದದ್ದು ಹೋಗುವುದೂ ಉಂಟು. ಅದು ಹೋಗುವ ತನಕ ಗುಂಡು ತುಂಬಿದ ಕೋವಿ ಕೈಗೆಟಕುವ ಜಾಗದಲ್ಲಿ ಇರಬಾರದು, ಅಷ್ಟೆ.

ನಿಮ್ಮಲ್ಲಿ ಸಾವಾದ ಮನೆಯಿಂದ ಎರಡು ಈಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿಯಿದೆ. ಆ ಕೋವಿ ಕೊನೆಯ ಸಲ ಸದ್ದು ಮಾಡಿದ್ದು ಬಹುಶಃ ಆ ದಿನವೇ ಇರಬೇಕು. ಅದನ್ನು ಪಕ್ಕದಲ್ಲಿಟ್ಟುಕೊಂಡರೆ ಅವರೇ ಪಕ್ಕದಲ್ಲಿದ್ದಂತೆ ಎಂದೂ ನಿಮಗೆ ಅನ್ನಿಸುತ್ತಿರಬಹುದು. ಹಾಗಿದ್ದರೆ ಅವರ ಕೋಟು, ಅವರ ಕೊಡೆ, ಅವರ ಫೋಟೋ ಪಕ್ಕದಲ್ಲಿರಲಿ. ಕೋವಿ ಬೇಡ.

ಹಾಗಾಗಿ ಯಾವ ಕೋವಿ ಎಂಬ ಪ್ರಶ್ನೆಗೆ ಸದ್ಯಕ್ಕೆ ನನ್ನ ಉತ್ತರ: ಯಾವುದೂ ಬೇಡ. ಇವತ್ತು ಹಗಲು ಹೊತ್ತಿನಲ್ಲಿ, ಕೋವಿ ಬಲ್ಲ ನಂಬಿಕಸ್ಥರೊಬ್ಬರನ್ನು ಕರೆಸಿ ಗುಂಡು ತೆಗೆಸಿ. ನೀವಾಗಿ ಮುಟ್ಟಬೇಡಿ. ಆಮೇಲೆ ಅವರ ಜೊತೆಯಲ್ಲೇ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಇರುವ ಕೋವಿ ವ್ಯಾಪಾರಿಯಲ್ಲಿ ಠೇವಣಿ ಇಡಿಸಿ ರಶೀದಿ ತೆಗೆದುಕೊಳ್ಳಿ. ಕೊಟ್ಟರೆ ಅವರನ್ನೇ ಬಿಟ್ಟುಕೊಟ್ಟಂತೆ ಎಂದು ಕೊರಗಬೇಡಿ, ಅದು ನಿಮ್ಮ ಮನೆಯದೇ ಆಗಿ ಉಳಿಯುತ್ತದೆ. ಮುಂದಿನ ವರ್ಷ ಮನಸ್ಸು ತಿಳಿಯಾದ ಮೇಲೆ, ಕಾಗದಪತ್ರ ಸರಿಯಾದ ಮೇಲೆ, ಬಲ್ಲವರಿಂದ ಕ್ರಮವಾಗಿ ಕಲಿತು ಮರಳಿ ತರಬೇಕೆನ್ನಿಸಿದರೆ ತನ್ನಿ, ನಾನು ತಡೆಯುವವಳಲ್ಲ. ಆಗಲೂ ಕೋವಿ ಒಂದು ಬೀಗದಲ್ಲಿ, ಗುಂಡು ಇನ್ನೊಂದು ಬೀಗದಲ್ಲಿ.

ಕೋವಿ ಹೋದರೆ ರಾತ್ರಿಗೆ ಗತಿಯೇನು ಎನ್ನುತ್ತೀರಿ. ಮಗನಿಗೆ ಕೊಡುವ ಕೆಲಸ ಇಲ್ಲಿದೆ. ಮಲಗುವ ಕೋಣೆಯ ಬಾಗಿಲಿಗೆ ಒಳಗಿನಿಂದ ಗಟ್ಟಿ ಅಗುಳಿ, ಕಣಕ್ಕೂ ಹಿತ್ತಿಲಿಗೂ ಕರೆಂಟು ಹೋದರೂ ಉರಿಯುವ ಸೋಲಾರ್ ದೀಪ, ಹಾಸಿಗೆಯಲ್ಲೇ ಕುಳಿತು ಒತ್ತಿದರೆ ಪಕ್ಕದ ತೋಟಕ್ಕೂ ಕೇಳುವಂಥ ಸೈರನ್. ನಾಯಿ ಇಲ್ಲದಿದ್ದರೆ ಒಂದು ಸಾಕಿ. ಒಣಗಿದ ಮೆಣಸನ್ನು ಮನೆಯಲ್ಲಿ ಗುಡ್ಡೆ ಹಾಕಿಕೊಂಡು ಬೆಲೆ ಏರಲಿ ಎಂದು ಕಾಯುವುದು ಈ ವರ್ಷ ಬೇಡ. ಕಳ್ಳನಿಗೆ ಬೇಕಾದದ್ದು ಮೆಣಸು, ನೀವಲ್ಲ. ಸುತ್ತಲಿನ ನಾಲ್ಕೈದು ಮನೆಯವರು ಸೇರಿ, ರಾತ್ರಿ ಯಾರ ಫೋನ್ ಬಂದರೂ ಎಲ್ಲರೂ ದೀಪ ಹಾಕಿ ಹೊರಡುವುದೆಂದು ಮಾತಾಡಿಕೊಳ್ಳಿ. ಠಾಣೆಗೆ ಹೋದಾಗ ಒಂಟಿಯಾಗಿರುವುದನ್ನು ತಿಳಿಸಿ, ಬೀಟ್ ಪೊಲೀಸರ ನಂಬರ್ ಕೇಳಿ ಪಡೆಯಿರಿ. ಸದ್ದಾದರೆ ಕೋಣೆಯಿಂದ ಹೊರಗೆ ಬರಬೇಡಿ. ಅಗುಳಿ ಹಾಕಿ, ಸೈರನ್ ಒತ್ತಿ, 112ಕ್ಕೆ ಕರೆ ಮಾಡಿ.

ಲೈನ್ ಮನೆಯವರ ಬಗ್ಗೆಯೂ ಒಂದು ಮಾತು. ಎಲ್ಲಿ ಕಳ್ಳತನವಾದರೂ ಮೊದಲು ಬೆರಳು ಹೋಗುವುದು ಅಸ್ಸಾಮಿನಿಂದಲೋ ಇನ್ನೆಲ್ಲಿಂದಲೋ ಕೆಲಸಕ್ಕೆ ಬಂದವರ ಕಡೆಗೆ. ಅವರ ಗುರುತಿನ ಚೀಟಿ ಪಡೆದು ಠಾಣೆಗೆ ಕೊಡುವುದು ಸರಿ. ಅದರ ಜೊತೆಗೆ ಅವರ ಹೆಂಗಸರ, ಮಕ್ಕಳ ಹೆಸರೂ ನಿಮಗೆ ಗೊತ್ತಿರಲಿ. ನೀವು ಕೂಗಿದರೆ ಎಲ್ಲರಿಗಿಂತ ಮೊದಲು ಓಡಿ ಬರಬಲ್ಲವರು ಅವರೇ.

ಇದನ್ನು ಓದುತ್ತಿರುವ ಇತರರಿಗೂ ಎರಡು ಮಾತು. ಪರವಾನಗಿ ಬೇಕಾದವರು ನಗರದಲ್ಲಿ ಪೊಲೀಸ್ ಆಯುಕ್ತರಿಗೆ, ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗೆ ಅರ್ಜಿ ಹಾಕಬೇಕು. ಪೊಲೀಸ್ ವಿಚಾರಣೆ, ಆಯುಧ ಬಳಕೆಯ ತರಬೇತಿ ಎಲ್ಲ ಆಗಬೇಕು. ಸಿಗುತ್ತದೆಂಬ ಭರವಸೆಯೂ ಇಲ್ಲ. ಅಮೆರಿಕದಲ್ಲಿರುವ ನಮ್ಮವರು ಅಲ್ಲಿ ಸುಲಭವಾಗಿ ಸಿಗುತ್ತದೆ ಎನ್ನುತ್ತಾರೆ, ಸಿಗುತ್ತದೆ ನಿಜ. ಆದರೆ ಕ್ಯಾಲಿಫೋರ್ನಿಯಾದ ಕೋಟ್ಯಂತರ ಜನರ ದಾಖಲೆ ನೋಡಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಕೈಕೋವಿ ಕೊಂಡವರಲ್ಲಿ ತಮ್ಮ ಕೋವಿಗೆ ತಾವೇ ಬಲಿಯಾಗುವ ಪ್ರಮಾಣ ಇತರರಿಗಿಂತ ಬಹಳ ಹೆಚ್ಚು, ಹೆಂಗಸರಲ್ಲಂತೂ ಇನ್ನೂ ಹೆಚ್ಚು ಎಂದು ತೋರಿಸಿದೆ. ಇನ್ನು, ನಿಮ್ಮ ಭಯ ಹೊರಗಿನ ಕಳ್ಳನದಲ್ಲ, ಮನೆಯೊಳಗಿನ ಗಂಡಸಿನದು ಎಂದಾದರೆ ದಯವಿಟ್ಟು ಆಯುಧದ ಯೋಚನೆ ಬಿಡಿ. ಜಗಳವಿರುವ ಮನೆಯಲ್ಲಿ ಕೋವಿ ಯಾರ ಕೈಗೆ ಮೊದಲು ಸಿಗುತ್ತದೆ ಎಂದು ಹೇಳಲಾಗದು. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ರಕ್ಷಣಾ ಆದೇಶ ಪಡೆಯುವ ದಾರಿ ಇದೆ.

ಮತ್ತೆ ನಿಮಗೇ. ಕೋವಿಯಷ್ಟೇ ತುರ್ತಾದದ್ದು ನಿಮ್ಮ ನಿದ್ದೆ. ಹತ್ತಿರದ ವೈದ್ಯರನ್ನು ಕಂಡು ಎಷ್ಟು ದಿನದಿಂದ ನಿದ್ದೆಯಿಲ್ಲ, ಊಟ ಹೇಗಿದೆ, ಆ 'ಸಾಕು' ಎಂಬ ಯೋಚನೆ ಎಷ್ಟು ಸಲ ಬರುತ್ತದೆ, ಎಲ್ಲವನ್ನೂ ಮುಚ್ಚಿಡದೆ ಹೇಳಿ. ನಿಮ್ಮ ತಂಗಿಯೋ ನಾದಿನಿಯೋ ಕೆಲವು ವಾರ ಬಂದು ಜೊತೆಗೆ ಮಲಗುವಂತಾದರೆ ಸಂಕೋಚವಿಲ್ಲದೆ ಕರೆಯಿರಿ. ನಡುರಾತ್ರಿ ಯಾರನ್ನೂ ಎಬ್ಬಿಸಲು ಮನಸ್ಸಾಗದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಯಾವ ಹೊತ್ತಿನಲ್ಲೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಮಗನಿಗೆ ಇವತ್ತೇ ಫೋನ್ ಮಾಡಿ, ನನಗೆ ಬರೆದ ಆ ಕೊನೆಯ ಸಾಲನ್ನು ಅವನಿಗೂ ಹೇಳಿ. ಕೋವಿ ಠೇವಣಿ ಇಟ್ಟ ರಶೀದಿ ಕೈಗೆ ಬಂದ ಮೇಲೆ ನನಗೊಂದು ಕಾಗದ ಬರೆಯಿರಿ.